ಬೋರ್ಡಿನ ತಪ್ಪು ಹಿಡಿಯಲು ಯಾವ ಭಾಷೆ?

ಖಾನಾಪುರ ತಾಲ್ಲೂಕಿನ ಗದ್ದೆಯಂಚಿನಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿ ತೆರೆದರೆ ಒಳಗೇನಿರುತ್ತದೆ? ಎಂಜಿನಿಯರನ್ನು ಕೇಳಿದರೆ ಕಾಂಟ್ಯಾಕ್ಟರ್, ರಿಲೇ, ಟ್ರಾನ್ಸ್‌ಫಾರ್ಮರ್, ಬೋರ್ಡು ಎನ್ನುತ್ತಾನೆ. ರಿಪೇರಿಯವನು ಆ ಪಟ್ಟಿಗೆ ಇರುವೆ, ಹಲ್ಲಿ, ಜೇಡರ ಬಲೆ, ತುಕ್ಕು ಇವನ್ನೂ ಸೇರಿಸುತ್ತಾನೆ. ಜಾಂಬೋಟಿ, ಕಣಕುಂಬಿ ಕಡೆ ಮಳೆ ಹಿಡಿಯಿತೆಂದರೆ ಡಬ್ಬಿಯ ಒಳಮೈ ಕೂಡ ಬೆವರುತ್ತದೆ. ತ್ರೀಫೇಸ್ ಕರೆಂಟು ಬರುವ ಹೊತ್ತಿಗೆ ರೈತ ಹೊಲದಲ್ಲೇ ಇರಬೇಕೆಂದಿಲ್ಲವಲ್ಲ, ಹಾಗಾಗಿ ಆಟೋ ಸ್ಟಾರ್ಟರು, ಮೊಬೈಲ್ ಸ್ಟಾರ್ಟರು ಬಂದವು. ಅವುಗಳ ಬೋರ್ಡಿನ ಒಂದು ಬದಿಗೆ 415 ವೋಲ್ಟ್ ಓಡಾಡುತ್ತಿರುತ್ತದೆ. ಎರಡು ಬೆರಳು ಆಚೆಗೆ 5 ವೋಲ್ಟಿನ ಮೈಕ್ರೊಕಂಟ್ರೋಲರ್ ಕೂತಿರುತ್ತದೆ. ನಡುವೆ ಇರುವುದು ಹಸಿರು ಲೇಪದ ಗಾಜುನಾರಿನ ಹಲಗೆ, ಅದರ ಮೇಲೆ ಕೂರುವ ಧೂಳು, ಧೂಳಿನ ಮೇಲೆ ಕೂರುವ ತೇವ.

ಈ ನಡುವಿನ ಜಾಗ ಎಷ್ಟಿರಬೇಕು ಎಂಬುದಕ್ಕೆ ಲೆಕ್ಕವಿದೆ. ಹಲಗೆಯ ಮೈಮೇಲೆ ಹರಿದು ಹೋಗಬಹುದಾದ ಸೋರಿಕೆಯ ದಾರಿಗೆ ಕ್ರೀಪೇಜ್ ಎನ್ನುತ್ತಾರೆ. ಐಇಸಿ 60664-1 ಎಂಬ ಅಂತರರಾಷ್ಟ್ರೀಯ ಮಾನದಂಡ ಅದನ್ನು ವೋಲ್ಟೇಜಿಗೆ, ಹಲಗೆಯ ಗುಣಕ್ಕೆ, ಸುತ್ತಲಿನ ಕೊಳೆಗೆ ತಕ್ಕಂತೆ ಕೋಷ್ಟಕ ಮಾಡಿ ಕೊಟ್ಟಿದೆ. ಸಾಮಾನ್ಯ ಎಫ್‌ಆರ್4 ಹಲಗೆ, 250 ವೋಲ್ಟ್, ಆಫೀಸಿನಂಥ ಒಣ ಜಾಗ ಎಂದಾದರೆ ಮೂಲ ಇನ್ಸುಲೇಷನ್ನಿಗೆ 2.5 ಮಿಲಿಮೀಟರ್ ಸಾಕು. ಅದೇ ಹಲಗೆ ತೇವದಿಂದ ಕೊಳೆಯೇ ವಾಹಕವಾಗುವಂಥ ಜಾಗಕ್ಕೆ ಹೋದರೆ 4 ಮಿಲಿಮೀಟರ್ ಬೇಕು. 400 ವೋಲ್ಟಿನ ಸಾಲಿನಲ್ಲಿ 4 ಇದ್ದದ್ದು 6.3 ಆಗುತ್ತದೆ. ಮನುಷ್ಯ ಮುಟ್ಟುವ ಕಡೆಗೆ ಬೇಕಾದ ಬಲವರ್ಧಿತ ಇನ್ಸುಲೇಷನ್ ಎಂದರೆ ಇವೆಲ್ಲ ದುಪ್ಪಟ್ಟು. ಡಬ್ಬಿಯನ್ನು ನೀರು ನುಸುಳದಂತೆ ಬಿಗಿ ಮಾಡಿ, ಬೋರ್ಡಿಗೆ ಮೇಲಿಂದ ರಕ್ಷಣಾ ಲೇಪ ಕೊಟ್ಟರೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಆದರೆ ಹೊಲದಲ್ಲಿ ಆ ಡಬ್ಬಿಯ ಬಾಗಿಲು ಸರಿಯಾಗಿ ಮುಚ್ಚಿರುತ್ತದೆ ಎಂದು ನಂಬಿ ವಿನ್ಯಾಸ ಮಾಡುವವರು ಒಮ್ಮೆ ಹೊಲಕ್ಕೆ ಹೋಗಿ ಬರುವುದು ಒಳ್ಳೆಯದು.

ಬೋರ್ಡು ಬಿಡಿಸುವ ಪ್ರತಿ ಸಾಫ್ಟ್‌ವೇರಿನಲ್ಲೂ ಡಿಆರ್‌ಸಿ ಎಂಬ ತಪಾಸಣೆ ಇದ್ದೇ ಇದೆ. ಡಿಸೈನ್ ರೂಲ್ ಚೆಕ್ ಎಂಬುದರ ಚಿಕ್ಕ ರೂಪ ಅದು. ಎರಡು ಟ್ರ್ಯಾಕ್ ತಗುಲಿಕೊಂಡಿವೆಯೇ, ರಂಧ್ರ ಅಂಚಿಗೆ ತೀರಾ ಹತ್ತಿರ ಬಂದಿದೆಯೇ, ಯಾವುದಾದರೂ ಸಂಪರ್ಕ ಬಿಟ್ಟುಹೋಗಿದೆಯೇ ಎಂದು ನೋಡುತ್ತದೆ. ಇದರ ಮುಖ್ಯ ಚಿಂತೆ ಬೋರ್ಡು ಮಾಡಿಕೊಡುವ ಕಾರ್ಖಾನೆಯದು. ಕೈಕ್ಯಾಡ್ ಎಂಬ ಬೋರ್ಡು ಸಾಫ್ಟ್‌ವೇರನ್ನು ತೆರೆದು ಹೊಸ ಕಡತ ಶುರುಮಾಡಿದರೆ ತಾಮ್ರದಿಂದ ತಾಮ್ರಕ್ಕೆ 0.2 ಮಿಲಿಮೀಟರ್ ಸಾಕು ಎಂದು ಅದೇ ಇಟ್ಟುಕೊಂಡಿರುತ್ತದೆ. ಕಾರ್ಖಾನೆಗೆ ಅದು ಸಲೀಸು. 415 ವೋಲ್ಟಿಗೆ ಅದು ಏನೇನೂ ಅಲ್ಲ. ಬೋರ್ಡು ಎಲ್ಲಿಗೆ ಹೋಗುತ್ತದೆ ಎಂಬುದು ಸಾಫ್ಟ್‌ವೇರಿಗೆ ಗೊತ್ತಿಲ್ಲ, ನಾವೇ ಹೇಳಬೇಕು.

ಹೇಳಬೇಕಾದ್ದು ಅಂತರವೊಂದೇ ಅಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಬೋರ್ಡು ಮಾಡಲು ಹೊರಟ ನಾಲ್ಕೈದು ಜನರ ಘಟಕವೊಂದನ್ನು ಕಲ್ಪಿಸಿಕೊಳ್ಳಿ. ರಿಪೇರಿಗೆಂದು ಮರಳಿ ಬಂದ ಬೋರ್ಡುಗಳೇ ಅವರಿಗೆ ಪಾಠ ಹೇಳುತ್ತಾ ಹೋಗುತ್ತವೆ. ಪ್ರತಿ ರಿಲೇ ಕಾಯಿಲಿನ ಪಕ್ಕ ಡಯೋಡ್ ಇರಲೇಬೇಕು, ಅದೂ ಹತ್ತಿರದಲ್ಲೇ. ಸಿಡಿಲು-ಸರ್ಜ್ ಹೀರುವ ಎಂಒವಿ ಟರ್ಮಿನಲ್ಲಿನ ಬುಡದಲ್ಲಿರಬೇಕು, ಬೋರ್ಡಿನ ಇನ್ನೊಂದು ಮೂಲೆಯಲ್ಲಿ ಇದ್ದರೆ ಪ್ರಯೋಜನ ಕಡಿಮೆ. ಟರ್ಮಿನಲ್ಲಿನ ಪಕ್ಕ ಬಿಳಿ ಅಕ್ಷರದಲ್ಲಿ ಆರ್, ವೈ, ಬಿ ಎಂಬ ಮೂರು ಫೇಸುಗಳ ಅನುಕ್ರಮ ಸರಿಯಾಗಿ ಬಿದ್ದಿರಬೇಕು. ಈ ಕೊನೆಯದು ಚಿಲ್ಲರೆ ವಿಷಯದಂತೆ ಕಾಣುತ್ತದೆ. ಆದರೆ ಮುದ್ರಣದಲ್ಲಿ ವೈ-ಬಿ ಅದಲುಬದಲಾದರೆ, ಅದನ್ನು ನಂಬಿ ವೈರು ಕಟ್ಟಿದ ಎಲೆಕ್ಟ್ರಿಷಿಯನ್ನನ ಮೋಟಾರು ಉಲ್ಟಾ ತಿರುಗುತ್ತದೆ, ನೀರು ಸರಿಯಾಗಿ ಏರುವುದಿಲ್ಲ. ಬೈಗುಳ ತಿನ್ನುವುದು ಮಾತ್ರ ಬೋರ್ಡು ಮಾಡಿದವರು.

ಇಂಥ ನಿಯಮಗಳನ್ನು ಯಾವ ಸಾಫ್ಟ್‌ವೇರೂ ತಾನಾಗಿ ನೋಡುವುದಿಲ್ಲ. ಅದಕ್ಕೆ ನಮ್ಮದೇ ತಪಾಸಣೆ ಬರೆದುಕೊಳ್ಳಬೇಕು. ಯಾವ ಭಾಷೆಯಲ್ಲಿ?

ಬರೆಯಲು ಕೂರುವ ಮೊದಲು ಇದಕ್ಕೆ ಸ್ಕ್ರಿಪ್ಟೇ ಬೇಕೇ ಎಂದು ಕೇಳಿಕೊಳ್ಳುವುದು ಮೇಲು. ಎರಡು ಜಾತಿಯ ತಾಮ್ರದ ನಡುವೆ ಇಷ್ಟು ಅಂತರ ಇರಲಿ ಎಂಬಂಥದ್ದನ್ನು ಹೇಳಲು ಈಗಿನ ಸಾಫ್ಟ್‌ವೇರುಗಳು ಪುಟ್ಟ ನಿಯಮ ಭಾಷೆಯನ್ನು ಕೊಡುತ್ತವೆ. ಕೈಕ್ಯಾಡಿನ 6ನೇ ಆವೃತ್ತಿ 2021ರ ಡಿಸೆಂಬರಿನಲ್ಲಿ ಬಂದಾಗ ಅದರ ಜೊತೆ ಇಂಥದ್ದೊಂದು ಬಂತು. ಅದರಲ್ಲಿ ನಿಯಮ ಎಂದರೆ ಮೂರೇ ಸಾಲು: ನಿಯಮದ ಹೆಸರು, ಕನಿಷ್ಠ ಅಂತರ, ಅದು ಯಾರಿಗೆ ಅನ್ವಯ ಎಂಬ ಷರತ್ತು. 'ಒಂದು ವಸ್ತು ಮೇನ್ಸ್ ವರ್ಗದ್ದು, ಇನ್ನೊಂದು ಆ ವರ್ಗದ್ದಲ್ಲ' ಎಂಬ ಷರತ್ತು ಬರೆದು 8 ಮಿಲಿಮೀಟರ್ ಎಂದರೆ ಮುಗಿಯಿತು. ಬರೆಯಲು ಬಾರದವರೂ ಓದಬಲ್ಲರು. ಮೊದಮೊದಲು ಇದು ಗಾಳಿಯಲ್ಲಿ ನೇರ ಅಂತರವನ್ನಷ್ಟೇ ಅಳೆಯುತ್ತಿತ್ತು. ಹೀಗಾಗಿ ಹಲಗೆಯಲ್ಲಿ ಸ್ಲಾಟ್ ಕೊರೆದು ಸೋರಿಕೆಯ ದಾರಿ ಉದ್ದ ಮಾಡಿದ್ದರೂ ಅದಕ್ಕೆ ತಿಳಿಯುತ್ತಿರಲಿಲ್ಲ, ತಪ್ಪು ತಪ್ಪು ಎಂದೇ ಕೂಗುತ್ತಿತ್ತು. 2025ರ ಫೆಬ್ರವರಿಯ 9ನೇ ಆವೃತ್ತಿಯಲ್ಲಿ ಕ್ರೀಪೇಜ್ ಎಂಬ ನಿಯಮವೇ ಸೇರಿ, ಸ್ಲಾಟನ್ನು ಸುತ್ತಿ ಹೋಗುವ ದಾರಿಯನ್ನು ಅಳೆಯುವಂತಾಯಿತು. ಸ್ಲಾಟಿಗೂ ಒಂದು ಮಿತಿ ಇದೆ: ಕೊಳೆ ಹೆಚ್ಚಿರುವ ಜಾಗದಲ್ಲಿ 1.5 ಮಿಲಿಮೀಟರಿಗಿಂತ ಕಿರಿದಾದ ಸ್ಲಾಟನ್ನು ಮಾನದಂಡ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೊಳೆ ಅದನ್ನು ದಾಟಿಬಿಡುತ್ತದೆ ಎಂದು.

ನನ್ನ ಅಭಿಪ್ರಾಯ ಕೇಳಿದರೆ, ನಿಯಮ ಭಾಷೆಯಲ್ಲಿ ಹೇಳಲು ಬರುವುದನ್ನು ಸ್ಕ್ರಿಪ್ಟಿನಲ್ಲಿ ಬರೆಯುವುದು ಉಮೇದಿನ ಹುಡುಗರ ಚಟ. ತಾಮ್ರದ ವೃತ್ತಖಂಡ, ತುಂಬಿದ ಪ್ರದೇಶ, ಓರೆ ಪ್ಯಾಡು ಇವುಗಳ ಜ್ಯಾಮಿತಿಯನ್ನು ಸಾಫ್ಟ್‌ವೇರಿನವರು ವರ್ಷಗಟ್ಟಲೆ ತಿದ್ದಿ ಸರಿಮಾಡಿದ್ದಾರೆ. ಅದನ್ನೇ ನಾವು ಒಂದು ಶನಿವಾರದಲ್ಲಿ ಮತ್ತೆ ಬರೆದರೆ ಪ್ಯಾಡನ್ನು ನೋಡಿ ತಾಮ್ರ ತುಂಬಿದ ಪ್ರದೇಶವನ್ನು ಮರೆಯುತ್ತೇವೆ. ಆರ್-ವೈ-ಬಿ ಅನುಕ್ರಮ, ರಿಲೇಗೆ ಜೋಡಿ ಡಯೋಡ್ ಇಂಥವು ಮಾತ್ರ ನಿಯಮ ಭಾಷೆಗೆ ಎಟುಕುವುದಿಲ್ಲ. ಅಲ್ಲಿ 'ಈ ಬಿಡಿಭಾಗ ಏನು, ಅದರ ಕಾಲು ಯಾವ ನೆಟ್ಟಿಗೆ, ಅಂದರೆ ಯಾವ ವಿದ್ಯುತ್ ಸಂಪರ್ಕಕ್ಕೆ, ಹೋಗಿದೆ, ಆ ನೆಟ್ಟಿನಲ್ಲಿ ಇನ್ಯಾರಿದ್ದಾರೆ' ಎಂದು ಒಂದರಿಂದ ಒಂದಕ್ಕೆ ಹುಡುಕುತ್ತಾ ಹೋಗಬೇಕು. ಸ್ಕ್ರಿಪ್ಟಿಗೆ ನಿಜವಾದ ಕೆಲಸ ಇರುವುದು ಅಲ್ಲಿ.

ಭಾಷೆ ಆರಿಸುವುದು ಎಂದು ಹೇಳುತ್ತೇವಾದರೂ, ಬಹುಪಾಲು ಆಯ್ಕೆಯನ್ನು ಬೋರ್ಡು ಬಿಡಿಸುವ ಸಾಫ್ಟ್‌ವೇರು ಮೊದಲೇ ಮಾಡಿಟ್ಟಿರುತ್ತದೆ. ಆಲ್ಟಿಯಮ್ ಡಿಸೈನರ್ ಬಳಸುವವರಿಗೆ ಡೆಲ್ಫಿಸ್ಕ್ರಿಪ್ಟ್, ವಿಬಿಸ್ಕ್ರಿಪ್ಟ್, ಜೆಸ್ಕ್ರಿಪ್ಟ್. ಡೆಲ್ಫಿ ಎಂದರೆ ಪ್ಯಾಸ್ಕಲ್ ಮನೆತನದ್ದು, 1995ರಲ್ಲಿ ಬೋರ್ಲೆಂಡ್ ಕಂಪನಿ ತಂದದ್ದು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1985ರಲ್ಲಿ ಪ್ರೊಟೆಲ್ ಎಂಬ ಹೆಸರಿನಲ್ಲಿ ಹುಟ್ಟಿದ ಆಲ್ಟಿಯಮ್, 2024ರಲ್ಲಿ ಜಪಾನಿನ ರೆನೆಸಾಸ್ ಪಾಲಾದರೂ ಆ ಹಳೆಯ ಡೆಲ್ಫಿ ನಂಟು ಬಿಟ್ಟಿಲ್ಲ. ಕೇಡೆನ್ಸ್ ಕಂಪನಿಯ ಅಲೆಗ್ರೊ ಬಳಸುವವರಿಗೆ ಸ್ಕಿಲ್ ಎಂಬ ಭಾಷೆ. ಅದು 1958ರಲ್ಲಿ ಜಾನ್ ಮೆಕಾರ್ಥಿ ಶುರುಮಾಡಿದ ಲಿಸ್ಪ್ ವಂಶದ್ದು. ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಸ್ಕಿಲ್ ಬಲ್ಲವರಿಗೆ ಬೆಲೆ ಇದೆ, ಭಾಷೆಯೂ ಚೆಂದದ್ದೇ. ಆದರೆ ಉದ್ಯಮಬಾಗದಲ್ಲಿ ಸ್ಕಿಲ್ ಬಲ್ಲ ಒಬ್ಬನೇ ಹುಡುಗ ಬೆಂಗಳೂರಿನ ಬಸ್ಸು ಹತ್ತಿದ ಮರುದಿನ ಆ ಸ್ಕ್ರಿಪ್ಟನ್ನು ಓದುವವರು ಯಾರೂ ಉಳಿಯುವುದಿಲ್ಲ. ಈಗಲ್ ಬಳಸುತ್ತಿದ್ದವರಿಗೆ ಸಿ ಭಾಷೆಯ ಧಾಟಿಯ ಯುಎಲ್‌ಪಿ ಇತ್ತು. ಹವ್ಯಾಸಿಗಳು ಬರೆದು ಹಂಚಿದ ಯುಎಲ್‌ಪಿಗಳಿಗೆ ಲೆಕ್ಕವಿಲ್ಲ. 2016ರಲ್ಲಿ ಈಗಲನ್ನು ಕೊಂಡ ಆಟೋಡೆಸ್ಕ್, 2026ರ ಜೂನ್ 7ಕ್ಕೆ ಅದನ್ನು ಮುಗಿಸುವುದಾಗಿ ಮೂರು ವರ್ಷ ಮೊದಲೇ ಘೋಷಿಸಿತು. ಭಾಷೆಗೆ ಏನೂ ಆಗಿರಲಿಲ್ಲ. ಅದು ನಿಂತಿದ್ದ ನೆಲವೇ ಹೋಯಿತು, ಸ್ಕ್ರಿಪ್ಟುಗಳೂ ಹೋದವು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜಾನ್ ಔಸ್ಟರ್‌ಹೌಟ್ ಎಂಬ ಪ್ರಾಧ್ಯಾಪಕರು 1980ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳ ಜೊತೆ ಚಿಪ್ ವಿನ್ಯಾಸದ ಸಾಫ್ಟ್‌ವೇರುಗಳನ್ನು ಬರೆಯುತ್ತಿದ್ದರು. ಒಂದೊಂದಕ್ಕೂ ಒಂದೊಂದು ಅರೆಬರೆ ಆದೇಶ ಭಾಷೆ ಹುಟ್ಟಿಕೊಳ್ಳುತ್ತಿತ್ತು. ಇದರಿಂದ ಬೇಸತ್ತು, ಯಾವ ಸಾಫ್ಟ್‌ವೇರಿನೊಳಗೂ ಕೂರಿಸಬಹುದಾದ ಒಂದೇ ಚಿಕ್ಕ ಭಾಷೆಯನ್ನು ಅವರು 1988ರಲ್ಲಿ ಬರೆದರು. ಅದೇ ಟಿಕಲ್. ಸರ್ಕ್ಯೂಟ್ ಬಿಡಿಸುವವರ ಗೋಳಿನಿಂದಲೇ ಹುಟ್ಟಿದ ಸ್ಕ್ರಿಪ್ಟ್ ಭಾಷೆ ಎಂದರೆ ಇದು. ಚಿಪ್ ಲೋಕದಲ್ಲಿ ಇಂದಿಗೂ ಅದರದ್ದೇ ರಾಜ್ಯ. ಬೋರ್ಡಿನ ಲೋಕದಲ್ಲಿ ಮಾತ್ರ ಅದು ಅಷ್ಟಾಗಿ ಬೇರೂರಲಿಲ್ಲ, ಓರ್‌ಕ್ಯಾಡ್ ಕ್ಯಾಪ್ಚರಿನಂಥ ಕೆಲವು ಕಡೆ ಸಿಗುತ್ತದೆ. ಚಿಪ್ಪಿನ ನಕ್ಷೆ ನೋಡುವ ಕೆಲೇಔಟ್ ಎಂಬ ಮುಕ್ತ ಸಾಫ್ಟ್‌ವೇರಿನಲ್ಲಿ ತಪಾಸಣೆಯನ್ನು ರೂಬಿಯಲ್ಲಿ ಬರೆಯುತ್ತಾರೆ. ಹಳೆಯ ಜಿಇಡಿಎ ಸ್ಕೀಮ್ ಭಾಷೆಯ ಮೊರೆ ಹೋಗಿತ್ತು. ಒಬ್ಬೊಬ್ಬರು ತಮ್ಮ ತಮ್ಮ ಕಾಲದ ಮೆಚ್ಚಿನ ಭಾಷೆಯನ್ನು ಹಿಡಿದರು, ಅಷ್ಟೇ.

ನಮ್ಮ ಉದ್ಯಮಬಾಗದ ಘಟಕಕ್ಕೆ ಮರಳೋಣ. ದುಬಾರಿ ಲೈಸೆನ್ಸು ಕೊಳ್ಳಲಾಗದವರಿಗೆ ಕೈಕ್ಯಾಡೇ ಸರಿ. 1992ರಲ್ಲಿ ಫ್ರಾನ್ಸಿನ ಜ್ಯಾಂ-ಪಿಯರ್ ಷರಾ ಶುರುಮಾಡಿದ, 2013ರ ಹೊತ್ತಿಗೆ ಜಿನೀವಾದ ಸರ್ನ್ ಸಂಸ್ಥೆಯ ಎಂಜಿನಿಯರುಗಳು ಕೈಜೋಡಿಸಿದ ಮುಕ್ತ ಸಾಫ್ಟ್‌ವೇರು ಇದು. ಮುಂಬೈ ಐಐಟಿಯ ಫಾಸ್ಸೀ ತಂಡ ಕಾಲೇಜುಗಳಿಗಾಗಿ ಕಟ್ಟಿದ ಇಸಿಮ್ ಕೂಡ ಇದರ ಮೇಲೆಯೇ ನಿಂತಿದೆ. ಕೈಕ್ಯಾಡಿನ ಒಳಗೆ ಸಿಗುವುದು ಪೈಥಾನ್.

ಪೈಥಾನಿನ ಪರವಾಗಿ ನಾನು ಹೇಳುವ ಕಾರಣ ಭಾಷೆಯ ಗುಣದ್ದಲ್ಲ, ಖಾನಾಪುರ ರಸ್ತೆಯದು. ಬೆಳಗಾವಿಯಿಂದ ಆ ರಸ್ತೆ ಹಿಡಿದರೆ ಮೊದಲು ಉದ್ಯಮಬಾಗ, ಅಲ್ಲೇ 1979ರಿಂದ ಇರುವ ಗೋಗಟೆ ಎಂಜಿನಿಯರಿಂಗ್ ಕಾಲೇಜು. ಪೀರನವಾಡಿ ದಾಟಿ ಮುಂದೆ ಹೋದರೆ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜ್ಞಾನಸಂಗಮ. 1998ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ವಿಭಾಗದವರಿಗೆ ಪೈಥಾನ್ ಒಂದು ವಿಷಯವೇ ಆಗಿತ್ತು. 2022ರ ಪಠ್ಯಕ್ರಮದಲ್ಲಿ ಅದು ಮೊದಲ ವರ್ಷಕ್ಕೇ ಇಳಿದು ಬಂತು. ಹೀಗಾಗಿ ಎಲೆಕ್ಟ್ರಾನಿಕ್ಸ್ ಓದಿದ ಹುಡುಗಿಗೂ ಅದರ ಪರಿಚಯ ಆಗಿರಬಹುದು. ಮಾಲೀಕ ಕೇಳುವ ಪ್ರಶ್ನೆ ಒಂದೇ: "ತಮ್ಮಾ, ನಾಳೆ ನೀ ಬ್ಯಾರೆ ಕಡೆ ಹೋದ್ರ ಇದನ್ನ ನೋಡಾವ್ರು ಯಾರೋ?" "ಪೈಥಾನ್ ಐತ್ರೀ ಸರ, ಮುಂದ ಬಂದವ್ರು ಯಾರರ ನೋಡ್ತಾರ್ರೀ." ಸ್ಕಿಲ್ ಬಗ್ಗೆ, ಡೆಲ್ಫಿ ಬಗ್ಗೆ ಹೀಗೆ ಧೈರ್ಯವಾಗಿ ಉತ್ತರಿಸುವುದು ಕಷ್ಟ.

ಹಾಗೆಂದು ಪೈಥಾನ್ ಹಿಡಿದರೆ ನೆಮ್ಮದಿ ಎಂದುಕೊಳ್ಳಬಾರದು. ಕೈಕ್ಯಾಡಿನ 5ರಿಂದ 6ಕ್ಕೆ ಬರುವಾಗ ಬಿಡಿಭಾಗಕ್ಕೆ ಇದ್ದ ಹೆಸರು ಮಾಡ್ಯೂಲಿನಿಂದ ಫುಟ್‌ಪ್ರಿಂಟ್ ಎಂದು ಬದಲಾಗಿ, ಹಳೆಯ ಸ್ಕ್ರಿಪ್ಟುಗಳೆಲ್ಲ ಮೊದಲ ಸಾಲುಗಳಲ್ಲೇ ಮುಗ್ಗರಿಸಿದವು. 7ರಲ್ಲಿ ಬಿಂದುವನ್ನು ಹೇಳುವ ರೀತಿ ಬದಲಾಯಿತು. 9ರಲ್ಲಿ ಇನ್ನೂ ದೊಡ್ಡ ಬದಲಾವಣೆ: ಸಾಫ್ಟ್‌ವೇರಿನ ಹೊಟ್ಟೆಯೊಳಗೆ ಕೈಹಾಕುತ್ತಿದ್ದ ಹಳೆಯ ಪೈಥಾನ್ ದಾರಿಯನ್ನು ನಿವೃತ್ತಿಯ ಪಟ್ಟಿಗೆ ಸೇರಿಸಿ, ಹೊರಗಿನಿಂದ ಸಂದೇಶ ಕಳಿಸಿ ಮಾತನಾಡುವ ಹೊಸ ದಾರಿ ತೆರೆದರು. ಸಂದೇಶದ ರೂಪ ಪ್ರೋಟೋಬಫ್ ಎಂಬ ಸಾರ್ವಜನಿಕ ಮಾದರಿಯದ್ದು, ಆದ್ದರಿಂದ ಇನ್ನು ಮೇಲೆ ಪೈಥಾನೇ ಬೇಕೆಂಬ ಕಟ್ಟಳೆಯೂ ತಾತ್ವಿಕವಾಗಿ ಇಲ್ಲ. ರಸ್ಟಿನಲ್ಲಾದರೂ ಬರೆಯಿರಿ, ಗೋದಲ್ಲಾದರೂ ಬರೆಯಿರಿ. ಆದರೆ 9ರಲ್ಲಿ ಈ ಹೊಸ ದಾರಿ ಸಿಗಬೇಕಾದರೆ ಕೈಕ್ಯಾಡಿನ ಕಿಟಕಿ ತೆರೆದೇ ಇರಬೇಕು. ರಾತ್ರಿ ತಾನಾಗಿ ಓಡುವ ತಪಾಸಣೆಗೆ ಅದು ಒಗ್ಗುವುದಿಲ್ಲ.

ಹಾಗಾಗಿ ಭಾಷೆಗಿಂತ ಹೆಚ್ಚು ಯೋಚಿಸಬೇಕಾದ್ದು ಸ್ಕ್ರಿಪ್ಟು ಎಲ್ಲಿ ಕೂರುತ್ತದೆ ಎಂಬುದನ್ನು. ಕೈಕ್ಯಾಡಿನ ಬೋರ್ಡು ಕಡತ ಸಾದಾ ಪಠ್ಯ, ಆವರಣದೊಳಗೆ ಆವರಣ ಇಟ್ಟು ಬರೆದದ್ದು, ಯಾವ ಭಾಷೆಯಲ್ಲಾದರೂ ಓದಿಕೊಳ್ಳಬಹುದು. 2024ರ ಫೆಬ್ರವರಿಯ 8ನೇ ಆವೃತ್ತಿಯಿಂದ ಕಿಟಕಿ ತೆರೆಯದೆಯೇ, ಆದೇಶದ ಸಾಲಿನಿಂದಲೇ ಡಿಆರ್‌ಸಿ ಓಡಿಸಿ ತಪ್ಪುಗಳ ಪಟ್ಟಿಯನ್ನು ಜೇಸನ್ ರೂಪದಲ್ಲಿ ಪಡೆಯಬಹುದು. ಅಂತರದ ಲೆಕ್ಕವನ್ನೆಲ್ಲ ಅದಕ್ಕೇ ಬಿಟ್ಟು, ಆರ್-ವೈ-ಬಿ ಥರದ ವಿಚಾರಗಳಿಗಷ್ಟೇ ಹೊರಗೊಂದು ಚಿಕ್ಕ ಪೈಥಾನ್ ಕಡತ ಇಟ್ಟುಕೊಂಡರೆ, ಮುಂದಿನ ಆವೃತ್ತಿ ಬಂದಾಗ ತಿದ್ದಬೇಕಾದದ್ದು ಕಡತ ಓದುವ ಒಂದು ಭಾಗ ಮಾತ್ರ. ನಾಳೆ ಗ್ರಾಹಕನ ಒತ್ತಾಯಕ್ಕೆ ಆಲ್ಟಿಯಮ್ಮಿಗೆ ಹೋಗಬೇಕಾದರೂ ಐಪಿಸಿ-2581 ಎಂಬ, ಎಲ್ಲರೂ ಓದಬಲ್ಲ ಕಡತದ ರೂಪವಿದೆ. ಅದರಲ್ಲಿ ನೆಟ್ಟಿನ ಹೆಸರು, ಬಿಡಿಭಾಗದ ಹೆಸರು ಎಲ್ಲ ಉಳಿಯುತ್ತವೆ.

ಪೈಥಾನ್ ನಿಧಾನ ಎಂಬ ದೂರು ಇದ್ದೇ ಇದೆ. ಸ್ಟಾರ್ಟರ್ ಬೋರ್ಡಿನಲ್ಲಿ ಸಾವಿರ ತುಂಡು ತಾಮ್ರ ಇದೆ ಎಂದುಕೊಂಡರೂ ಎಲ್ಲವನ್ನೂ ಎಲ್ಲದರ ಜೊತೆ ಹೋಲಿಸಿದರೆ ಸುಮಾರು ಐದು ಲಕ್ಷ ಜೋಡಿ. ಚಹಾ ಆರುವಷ್ಟರಲ್ಲಿ ಮುಗಿಯುತ್ತದೆ. ಹತ್ತು ಸಾವಿರ ತುಂಡಾದರೆ ಐದು ಕೋಟಿ ಜೋಡಿ, ಆಗ ತೊಂದರೆ ನಿಜ. ಆದರೆ ಪಕ್ಕದಲ್ಲಿರುವುದನ್ನಷ್ಟೇ ಹೋಲಿಸುವ ಜಾಣತನ ಯಾವ ಭಾಷೆಯಲ್ಲಿದ್ದರೂ ಬೇಕೇ ಬೇಕು.

ನಿಜವಾದ ಅಪಾಯ ನಿಧಾನದಲ್ಲಿಲ್ಲ, ಮೌನದಲ್ಲಿದೆ. ಕೈಕ್ಯಾಡ್ ಒಳಗೊಳಗೆ ಎಲ್ಲ ಅಳತೆಯನ್ನೂ ನ್ಯಾನೊಮೀಟರಿನಲ್ಲಿ, ಪೂರ್ಣಾಂಕವಾಗಿ ಇಟ್ಟುಕೊಳ್ಳುತ್ತದೆ. 1 ಮಿಲಿಮೀಟರ್ ಎಂದರೆ 10,00,000. ಎಂಒವಿಯಿಂದ ಟರ್ಮಿನಲ್ಲಿಗೆ 10 ಮಿಲಿಮೀಟರಿಗಿಂತ ಹೆಚ್ಚು ದೂರ ಇದ್ದರೆ ಕೂಗು ಎಂದು ಬರೆಯುವಾಗ ಬರೀ 10 ಎಂದು ಬರೆದರೆ, ಎಲ್ಲ ಬೋರ್ಡೂ ತಪ್ಪು ಎಂದು ಬರುತ್ತದೆ, ಅದು ಒಳ್ಳೆಯದೇ, ಕೂಡಲೇ ಗೊತ್ತಾಗುತ್ತದೆ. ಅದೇ ಅಂತರ 4ಕ್ಕಿಂತ ಕಡಿಮೆ ಇದ್ದರೆ ಕೂಗು ಎಂದು ಬರೆದರೆ? ನಾಲ್ಕು ನ್ಯಾನೊಮೀಟರಿಗಿಂತ ಹತ್ತಿರ ಬಂದ ತಾಮ್ರ ಯಾವ ಬೋರ್ಡಿನಲ್ಲೂ ಸಿಗುವುದಿಲ್ಲ. ಪ್ರತಿ ಸಲವೂ ಪಾಸ್. ಪರದೆಯ ಮೇಲೆ 'ತಪ್ಪು: 0' ಎಂದು ಕಂಡು ಎಲ್ಲರಿಗೂ ಸಮಾಧಾನ. ನೆಟ್ಟಿನ ವರ್ಗದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಇದೇ ಗತಿ. ಆ ಹೆಸರಿನ ನೆಟ್ಟೇ ಇಲ್ಲ, ಆದ್ದರಿಂದ ತಪ್ಪೂ ಇಲ್ಲ.

ಫೌಂಡ್ರಿ, ಮಷಿನ್ ಶಾಪುಗಳ ನಡುವೆ ಬೆಳೆದವರಿಗೆ ಇದರ ಮದ್ದು ಹೇಳಿಕೊಡಬೇಕಿಲ್ಲ. ಉದ್ಯಮಬಾಗದಲ್ಲಿ ಬೋರ್ ಅಳೆಯುವ ಗೋ-ನೋಗೋ ಗೇಜನ್ನು ಕೂಡ ಆಗಾಗ ಕ್ಯಾಲಿಬ್ರೇಷನ್ನಿಗೆ ಕಳಿಸುತ್ತಾರೆ. ಸವೆದ ಗೇಜು ಕೆಟ್ಟ ಮಾಲನ್ನೂ ಸರಿ ಎನ್ನುತ್ತದೆ ಎಂದು ಅವರಿಗೆ ಗೊತ್ತು. ಸ್ಕ್ರಿಪ್ಟಿಗೂ ಹಾಗೆಯೇ ಬೇಕಂತಲೇ ಕೆಡಿಸಿದ ಒಂದು ಬೋರ್ಡು ಇಟ್ಟುಕೊಳ್ಳಬೇಕು: ಒಂದು ಕಡೆ 3.9 ಮಿಲಿಮೀಟರ್ ಅಂತರ, ಒಂದು ರಿಲೇಗೆ ಡಯೋಡಿಲ್ಲ, ಒಂದು ಟರ್ಮಿನಲ್ಲಿಗೆ ಆರ್-ಬಿ-ವೈ. ಹೊಸ ಬೋರ್ಡು ನೋಡುವ ಮೊದಲು ಡಿಆರ್‌ಸಿಯೂ ಸ್ಕ್ರಿಪ್ಟೂ ಸೇರಿ ಈ ಕೆಟ್ಟ ಬೋರ್ಡನ್ನು ನೋಡಿ ಮೂರೂ ತಪ್ಪು ಹಿಡಿಯಬೇಕು. ಎರಡೇ ಹಿಡಿದರೆ ಅಲ್ಲಿಗೇ ನಿಲ್ಲಬೇಕು. ಕೈಕ್ಯಾಡಿನ ಆವೃತ್ತಿ ಬದಲಾದಾಗ ಏನು ಮುರಿದಿದೆ ಎಂದು ಮೊದಲು ಹೇಳುವುದೂ ಇದೇ ಬೋರ್ಡು.

ಇನ್ನೊಂದು ತುದಿಯ ಕಾಟವೂ ಇದೆ. ತಪಾಸಣೆ ಅತಿಯಾಗಿ ಕೂಗತೊಡಗಿದರೆ ಯಾರೂ ಓದುವುದಿಲ್ಲ. ಮೊದಲ ವಾರ ನೂರೆಂಟು ತಪ್ಪು ತೋರಿಸಿ, ಅವುಗಳಲ್ಲಿ ನೂರು ಲೆಕ್ಕಕ್ಕೆ ಬಾರದವು ಎಂದಾದರೆ ಎರಡನೇ ವಾರದಿಂದ ಎಲ್ಲರೂ 'ಇರ್ಲಿ ಬಿಡ್ರಿ' ಎಂದು ಮುಂದೆ ಹೋಗುತ್ತಾರೆ. ಡಯೋಡ್ ಇಲ್ಲದ ರಿಲೇ ನಿಜಕ್ಕೂ ಇರಬಹುದು, ಕಾಯಿಲಿನೊಳಗೇ ಡಯೋಡ್ ಕೂರಿಸಿದ ಮಾಡೆಲ್ಲುಗಳೂ ಬರುತ್ತವೆ. ಅಂಥದ್ದಕ್ಕೆ ವಿನಾಯಿತಿ ಕೊಡಲೇಬೇಕು. ಆದರೆ ಆ ವಿನಾಯಿತಿಯನ್ನು ಸ್ಕ್ರಿಪ್ಟಿನ ಒಳಗೆ ಷರತ್ತಾಗಿ ಹುದುಗಿಸಬಾರದು. ಅದು ಬೇರೆ ಕಡತದಲ್ಲಿ ಇರಲಿ: ಯಾವ ಬೋರ್ಡು, ಯಾವ ಬಿಡಿಭಾಗ, ಯಾವ ನಿಯಮ, ಕಾರಣವೇನು, ಒಪ್ಪಿದವರು ಯಾರು. ಈ ಕಡತವನ್ನು ಕನ್ನಡದಲ್ಲೇ ಬರೆಯಬಹುದು, ಮರಾಠಿಯಲ್ಲೂ ಬರೆಯಬಹುದು. ಕಡತ ತೆರೆಯುವಾಗ ಯುಟಿಎಫ್-8 ಎಂದು ಹೇಳಿದರೆ ಯೂನಿಕೋಡ್ ಪಠ್ಯವನ್ನು ಪೈಥಾನ್ ತಕರಾರಿಲ್ಲದೆ ಓದುತ್ತದೆ. ಸ್ಕ್ರಿಪ್ಟು ಓದಲು ಬಾರದ ಮಾಲೀಕನೂ ರಿಪೇರಿಯವನೂ ಓದಿ ಜಗಳ ತೆಗೆಯಬಹುದಾದ ಕಡತ ಇದೊಂದೇ.

ಕೊನೆಗೆ ಕಾರ್ಖಾನೆಗೆ ಕಳಿಸುವ ಗರ್ಬರ್ ಕಡತ. ತಪ್ಪು ಉಳಿದಿದ್ದರೆ ಸೊನ್ನೆಯಲ್ಲದ ಸಂಕೇತವನ್ನು ಹಿಂದಿರುಗಿಸು ಎಂದು ಕೈಕ್ಯಾಡಿನ ಆದೇಶದ ಸಾಲಿಗೆ ಹೇಳಬಹುದು, ನಮ್ಮ ಸ್ಕ್ರಿಪ್ಟೂ ಹಾಗೆಯೇ ಮಾಡಲಿ. ಎರಡೂ ಸೊನ್ನೆ ಕೊಟ್ಟರೆ ಮಾತ್ರ ಗರ್ಬರ್ ತಯಾರಾಗುವಂತೆ ಒಂದು ನಾಲ್ಕು ಸಾಲಿನ ಕಡತ ಬರೆದಿಟ್ಟರೆ, ಸಂಜೆ ಆರ್ಡರ್ ಕಳಿಸುವ ಅವಸರದಲ್ಲಿ ಯಾರೂ ತಪಾಸಣೆಯನ್ನು ಹಾರಿಸುವಂತಿಲ್ಲ. ಈ ನಾಲ್ಕು ಸಾಲು ಪೈಥಾನಿನಲ್ಲಿ ಇರಬೇಕಿಲ್ಲ. ವಿಂಡೋಸಿನ ಬ್ಯಾಚ್ ಫೈಲೇ ಸಾಕು.